ಸಭಾಭವನದ ಮುದ್ರಾಮಂಜೂಷ: ದೃಶ್ಯಶ್ರವ್ಯ ಯಂತ್ರಗಳಿಗೆ ಅಭಿಜ್ಞಾನವನ್ನು ಏರ್ಪಡಿಸುವ ಕ್ರಮ

೧. ವಿಷಯ ಪ್ರವೇಶ

ಚೆನ್ನೈ ನಗರದಲ್ಲಿ ಸಭೆಯಿಲ್ಲದ ಸಂಜೆ ಅಪರೂಪ. ೧೯೨೮ರಲ್ಲಿ ಸ್ಥಾಪಿತವಾದ ಮ್ಯೂಸಿಕ್ ಅಕಾಡೆಮಿಯ ದೊಡ್ಡ ರಂಗಮಂದಿರದಿಂದ ಮೊದಲುಗೊಂಡು ಭಾಷಾಸಂಘಗಳ ಮಹಡಿಯ ಮೇಲಣ ಚಿಕ್ಕ ಹಾಲಿನವರೆಗೆ ಇಲ್ಲಿನ ವೇದಿಕೆಗಳು ಬಗೆಬಗೆಯಾಗಿವೆ. ಹಿಂದೆ ಇಂಥ ಹಾಲಿಗೆ ಬೇಕಾಗಿದ್ದುದು ಒಂದು ಮೈಕು, ಒಂದು ಆಂಪ್ಲಿಫೈಯರ್ ಮತ್ತು ಗೋಡೆಗೆ ತೂಗುಹಾಕಿದ ಎರಡು ಸ್ಪೀಕರ್‌ಗಳು ಮಾತ್ರ. ಅವುಗಳನ್ನು ನಡೆಸುವವನು ಗುಂಡಿಯ ಪಕ್ಕದಲ್ಲಿಯೇ ಕುಳಿತಿರುತ್ತಿದ್ದನು. ಗುಂಡಿಯನ್ನು ಮುಟ್ಟಬಲ್ಲವನೇ ಅಧಿಕಾರಿ. ಆ ಕೋಣೆಗೆ ಬೀಗ ಹಾಕಿದರೆ ರಕ್ಷಣೆಯ ಕಾರ್ಯ ಮುಗಿದಂತೆಯೇ.

ಇಂದಿನ ಸ್ಥಿತಿ ಬೇರೆ. ಪ್ರೊಜೆಕ್ಟರ್, ಪರದೆ, ಧ್ವನಿಯನ್ನು ಹದಗೊಳಿಸುವ ಸಂಸ್ಕಾರಕ, ಆಂಪ್ಲಿಫೈಯರ್, ಕ್ಯಾಮರಾ, ಮುದ್ರಣಯಂತ್ರ, ದೀಪಗಳು ಇವೆಲ್ಲವೂ ಒಂದೇ ಜಾಲಕ್ಕೆ ಸೇರಿರುತ್ತವೆ. ಇವುಗಳ ನಡುವೆ ಒಂದು ಗಣಕವು ಸೂತ್ರಧಾರನಂತೆ ನಿಂತಿರುತ್ತದೆ. ಕಾರ್ಯದರ್ಶಿಯು ಟಚ್‌ಸ್ಕ್ರೀನಿನ ಮೇಲೆ 'ಉಪನ್ಯಾಸ' ಎಂಬ ಒಂದು ಚೌಕವನ್ನು ಮುಟ್ಟಿದೊಡನೆ ಆ ಸೂತ್ರಧಾರನು ಪರದೆಯನ್ನು ಇಳಿಸಿ, ಪ್ರೊಜೆಕ್ಟರನ್ನು ಹೊತ್ತಿಸಿ, ಮೈಕನ್ನು ತೆರೆದು, ದೀಪವನ್ನು ತಗ್ಗಿಸುತ್ತಾನೆ. ಇದನ್ನೇ ದೃಶ್ಯಶ್ರವ್ಯ ನಿಯಂತ್ರಣ ವ್ಯವಸ್ಥೆ ಎನ್ನುವುದು. ಸೂತ್ರಧಾರನ ಸ್ಥಾನದಲ್ಲಿರುವ ಯಂತ್ರವನ್ನು ಈ ಲೇಖನದಲ್ಲಿ 'ನಿಯಂತ್ರಕ'ವೆಂದೂ, ಅದರ ಆಜ್ಞೆಯನ್ನು ಪಾಲಿಸುವ ಯಂತ್ರಗಳನ್ನು 'ಉಪಕರಣ'ಗಳೆಂದೂ ಕರೆಯಲಾಗಿದೆ.

ನಿಯಂತ್ರಕದ ಆಜ್ಞೆಯನ್ನು ಉಪಕರಣವು ಏಕೆ ಪಾಲಿಸಬೇಕು, ಆಜ್ಞೆ ಮಾಡಿದವನು ನಿಯಂತ್ರಕವೇ ಹೊರತು ಬೇರೊಬ್ಬನಲ್ಲವೆಂದು ಅದಕ್ಕೆ ತಿಳಿಯುವ ಬಗೆ ಹೇಗೆ, ಆ ಗುರುತು ಯಾರ ವಶದಲ್ಲಿರಬೇಕು ಎಂಬ ಮೂರು ಪ್ರಶ್ನೆಗಳೇ ಪ್ರಕೃತ ವಿಷಯ. ಮೊದಲ ಎರಡು ತಂತ್ರಕ್ಕೆ ಸಂಬಂಧಿಸಿದವು. ಮೂರನೆಯದು ಸಂಸ್ಥೆಗಳ ಬಾಳಿಕೆಗೆ ಸಂಬಂಧಿಸಿದುದು. ಅದನ್ನು ಕಡೆಗಣಿಸಿದಲ್ಲಿ ಮೊದಲೆರಡಕ್ಕೆ ಎಷ್ಟು ಹಣ ವೆಚ್ಚ ಮಾಡಿದರೂ ಪ್ರಯೋಜನವಾಗದು.

೨. ಶಬ್ದವಿಚಾರ

ಯಂತ್ರವೊಂದನ್ನು ಪ್ರವೇಶಿಸಲು ಕೊಡಬೇಕಾದ ಹೆಸರು ಮತ್ತು ಪಾಸ್‌ವರ್ಡ್ ಇವೆರಡನ್ನೂ ಸೇರಿಸಿ ಇಂಗ್ಲಿಷಿನಲ್ಲಿ 'ಕ್ರೆಡೆನ್ಷಿಯಲ್' ಎನ್ನುತ್ತಾರೆ. ಇದರ ಮೂಲ 'ನಂಬು' ಎಂಬ ಅರ್ಥದ ಲ್ಯಾಟಿನ್ ಧಾತು. ಬ್ಯಾಂಕಿನ 'ಕ್ರೆಡಿಟ್' ಶಬ್ದವೂ ಅಲ್ಲಿಂದಲೇ ಬಂದುದು. ಸಂಸ್ಕೃತದ 'ಶ್ರದ್ಧಾ' ಶಬ್ದವು ಈ ಲ್ಯಾಟಿನ್ ಧಾತುವಿಗೆ ಸೋದರ ಸಂಬಂಧವುಳ್ಳದ್ದೆಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವಾಗಿದೆ. ಹೀಗೆ ಸಾಲ ಕೊಡುವವನ ವಿಶ್ವಾಸ, ಭಕ್ತನ ಶ್ರದ್ಧೆ, ಯಂತ್ರವು ಕೇಳುವ ಗುರುತು ಈ ಮೂರೂ ಬುಡದಲ್ಲಿ ಒಂದೇ ಕುಲದವು.

ಕನ್ನಡದಲ್ಲಿ ಇದಕ್ಕೆ 'ಕುರುಹು' ಎನ್ನಬಹುದು. ತಮಿಳಿನ 'ಕುಱಿ' ಇದರ ಜ್ಞಾತಿ. ಆದರೆ ಕೇವಲ ಚಿಹ್ನೆಯೆಂಬ ಅರ್ಥ ಆ ಶಬ್ದದಲ್ಲಿ ಹೆಚ್ಚು. ಕಾಳಿದಾಸನ ಶಾಕುಂತಲದ ಹೆಸರಿನಲ್ಲಿಯೇ ಇರುವ 'ಅಭಿಜ್ಞಾನ' ಎಂಬ ಶಬ್ದ ಇಲ್ಲಿ ಹೆಚ್ಚು ಉಚಿತವೆಂದು ತೋರುತ್ತದೆ. ಎದುರಿನವನು 'ಇವನು ಅವನೇ' ಎಂದು ಅರಿಯುವಂತೆ ಮಾಡುವ ಸಾಧನವೇ ಅಭಿಜ್ಞಾನ.

ಅಭಿಜ್ಞಾನಕ್ಕೆ ಎರಡು ಅಂಗಗಳುಂಟು. ಒಂದು ಹೆಸರು, ಇದು ವಚನಗಳ ಅಂಕಿತದಂತೆ. ಅಂಕಿತವನ್ನು ಕಂಡೊಡನೆ ವಚನವು ಯಾರದೆಂದು ಹೇಳಲಾಗುತ್ತದೆ. ಆದರೆ ಅದೇ ಅಂಕಿತವನ್ನು ಬೇರೊಬ್ಬನು ತನ್ನ ರಚನೆಗೆ ಸೇರಿಸಲು ಅಡ್ಡಿಯೇನೂ ಇಲ್ಲ. ಸಂಪಾದಕರು ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ಪಡುವ ಶ್ರಮವೇ ಇದಕ್ಕೆ ಸಾಕ್ಷಿ. ಹೆಸರು ಹೇಳಿಕೆ ಮಾತ್ರ, ಪ್ರಮಾಣವಲ್ಲ. ಪ್ರಮಾಣವಾಗುವುದು ಎರಡನೆಯ ಅಂಗವಾದ ಪಾಸ್‌ವರ್ಡ್. ಹೆಸರನ್ನು ಎಲ್ಲರೂ ಅರಿತಿರಬಹುದು. ಪಾಸ್‌ವರ್ಡು ಸಂಬಂಧಪಟ್ಟವರ ಹೊರತು ಅನ್ಯರಿಗೆ ತಿಳಿಯಕೂಡದು.

೩. ಉಪಕರಣವು ಆಜ್ಞಾಪಕನನ್ನು ಗುರುತಿಸುವ ಬಗೆ

ಹಿಂದಿನ ನಿಯಂತ್ರಣ ವ್ಯವಸ್ಥೆಗಳಲ್ಲಿ ನಿಯಂತ್ರಕದಿಂದ ಪ್ರತಿಯೊಂದು ಉಪಕರಣಕ್ಕೂ ಪ್ರತ್ಯೇಕವಾದ ತಂತಿಯಿರುತ್ತಿತ್ತು. ೧೯೬೦ರಲ್ಲಿ ರೂಪುಗೊಂಡ ಆರ್.ಎಸ್.-೨೩೨ ಎಂಬ ಪ್ರಮಾಣವನ್ನು ಅನುಸರಿಸುವ ಇಂಥ ತಂತಿಗಳು ಈಗಲೂ ಹಲವೆಡೆ ಉಪಯೋಗದಲ್ಲಿವೆ. ಅಲ್ಲಿ ಪಾಸ್‌ವರ್ಡಿನ ಪ್ರಶ್ನೆಯೇ ಏಳುವುದಿಲ್ಲ. ತಂತಿಯ ಇನ್ನೊಂದು ತುದಿಯಲ್ಲಿ ನಿಯಂತ್ರಕವಲ್ಲದೆ ಬೇರಾರೂ ಇರಲಾರರೆಂಬುದೇ ನಂಬಿಕೆಯ ಆಧಾರ.

ಉಪಕರಣಗಳು ಜಾಲಕ್ಕೆ ಸೇರಿದೊಡನೆ ಈ ಆಧಾರ ಕುಸಿಯಿತು. ಒಂದೇ ಜಾಲದಲ್ಲಿ ನಿಯಂತ್ರಕವೂ ಇರುತ್ತದೆ, ಕಚೇರಿಯ ಗಣಕವೂ ಇರುತ್ತದೆ, ಅಜಾಗ್ರತೆಯಿಂದ ಸೇರಿಸಿಕೊಂಡ ಅತಿಥಿಯ ಫೋನೂ ಇರಬಹುದು. ಯಾರು ಬೇಕಾದರೂ ಪ್ರೊಜೆಕ್ಟರಿಗೆ 'ಆರು' ಎಂದು ಹೇಳಬಹುದು. ಪ್ರೊಜೆಕ್ಟರು ಆರಿದರೆ ಉಪನ್ಯಾಸಕರಿಗೆ ಮುಜುಗರವಷ್ಟೆ. ಆದರೆ ಕ್ಯಾಮರಾ ಮತ್ತು ಮೈಕುಗಳು ಹಾಲಿನ ಕಣ್ಣು ಕಿವಿಗಳು; ಕಾರ್ಯಕಾರಿ ಸಮಿತಿಯ ಗೋಪ್ಯ ಸಮಾಲೋಚನೆಯನ್ನು ಹೊರಗಿನವನೊಬ್ಬನು ಆ ಕಿವಿಯಿಂದ ಆಲಿಸುವಂತಾದರೆ ಅದು ಮುಜುಗರಕ್ಕೆ ಮುಗಿಯುವ ಮಾತಲ್ಲ. ಆದುದರಿಂದ ಪ್ರತಿ ಉಪಕರಣವೂ ಆಜ್ಞೆಗೆ ಮೊದಲು 'ನೀನು ಯಾರು?' ಎಂದು ಕೇಳಬೇಕಾಗುತ್ತದೆ.

ಉತ್ತರವನ್ನು ಹೇಗೆ ಕೊಡಬೇಕೆಂಬುದು ಮುಂದಿನ ಪ್ರಶ್ನೆ. ಸುಂದರಕಾಂಡದ ಪ್ರಸಂಗವೊಂದು ಇದನ್ನು ಸ್ಪಷ್ಟಪಡಿಸಬಲ್ಲದು. ಲಂಕೆಗೆ ಬಂದ ಹನುಮಂತನನ್ನು ಸೀತೆ ಮೊದಲು ನಂಬಲಿಲ್ಲ. ರಾವಣನೇ ವೇಷ ಮರೆಸಿ ಬಂದಿರಬಹುದೆಂದು ಶಂಕಿಸಿದಳು. ಆತನು ರಾಮನ ಲಕ್ಷಣಗಳನ್ನು ವರ್ಣಿಸಿ, ರಾಮನಾಮಾಂಕಿತವಾದ ಉಂಗುರವನ್ನು ಕೊಟ್ಟ ಬಳಿಕ ನಂಬಿದಳು. ಮರಳುವಾಗ ತಾನೂ ಅಭಿಜ್ಞಾನವಾಗಿ ಚೂಡಾಮಣಿಯನ್ನೂ, ಚಿತ್ರಕೂಟದಲ್ಲಿ ನಡೆದ ಕಾಗೆಯ ವೃತ್ತಾಂತವನ್ನೂ ಕೊಟ್ಟು ಕಳುಹಿಸಿದಳು. ಆ ವೃತ್ತಾಂತವು ದಂಪತಿಗಳಿಬ್ಬರ ನಡುವಣ ಸಂಗತಿ. ಅದೇ ಅದರ ಬಲ. ಆದರೆ ಹನುಮಂತನ ಬಾಯಿಂದ ಹೇಳಿ ಕಳುಹಿಸಿದೊಡನೆ ಅದು ಮೂವರಿಗೆ ತಿಳಿದಂತಾಯಿತು. ದೂತನು ಹನುಮಂತನಾದುದರಿಂದ ಕೇಡಾಗಲಿಲ್ಲ. ಎಲ್ಲ ದೂತರೂ ಹನುಮಂತರಲ್ಲ.

ಟೆಲ್ನೆಟ್ ಎಂಬ ಹಳೆಯ ಪದ್ಧತಿಯಲ್ಲಿ ನಿಯಂತ್ರಕವು ಉಪಕರಣಕ್ಕೆ ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಇದ್ದದ್ದು ಇದ್ದಂತೆಯೇ ಕಳುಹಿಸುತ್ತದೆ. ದಾರಿಯಲ್ಲಿ ಕಿವಿಗೊಟ್ಟವನಿಗೆ ಎರಡೂ ದೊರೆತುಬಿಡುತ್ತವೆ. ಈ ದೋಷವನ್ನು ನೀಗಲು ಎರಡು ಉಪಾಯಗಳುಂಟು. ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲಿ ನಡೆಸುವುದು ಒಂದು, ಎಸ್.ಎಸ್.ಎಚ್. ಎಂಬ ಪದ್ಧತಿ ಈ ಜಾತಿಯದು. ರಹಸ್ಯವನ್ನು ಹೇಳದೆಯೇ ಅದು ತನಗೆ ಗೊತ್ತಿದೆಯೆಂದು ತೋರಿಸುವುದು ಇನ್ನೊಂದು.

ಎರಡನೆಯದಕ್ಕೆ ಪ್ರೊಜೆಕ್ಟರುಗಳ ಲೋಕದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಜಪಾನಿನ ಕಚೇರಿಯಂತ್ರ ತಯಾರಕರ ಸಂಘವು ೨೦೦೫ರಲ್ಲಿ 'ಪಿಜೆ-ಲಿಂಕ್' ಎಂಬ ಪ್ರಮಾಣವನ್ನು ಹೊರತಂದಿತು. ಬೇರೆ ಬೇರೆ ಕಂಪೆನಿಗಳ ಪ್ರೊಜೆಕ್ಟರುಗಳು ಒಂದೇ ಭಾಷೆಯ ಆಜ್ಞೆಗಳನ್ನು ತಿಳಿಯುವಂತೆ ಮಾಡುವುದು ಇದರ ಉದ್ದೇಶ. ಈ ಪದ್ಧತಿಯಲ್ಲಿ ನಿಯಂತ್ರಕವು ಬಾಗಿಲು ತಟ್ಟಿದೊಡನೆ ಪ್ರೊಜೆಕ್ಟರು ಆಗಿಂದಾಗಲೇ ಹುಟ್ಟಿಸಿದ ಎಂಟು ಅಕ್ಷರಗಳ ಒಂದು ಸಂಖ್ಯೆಯನ್ನು ಹೇಳುತ್ತದೆ. ನಿಯಂತ್ರಕವು ಆ ಸಂಖ್ಯೆಗೆ ಪಾಸ್‌ವರ್ಡನ್ನು ಸೇರಿಸಿ, ಎಂ.ಡಿ.-೫ ಎಂಬ ಗಣಿತಕ್ರಮದಲ್ಲಿ ಅರೆದು, ಬಂದ ಫಲವನ್ನು ಮಾತ್ರ ಹಿಂದಿರುಗಿಸುತ್ತದೆ. ಪ್ರೊಜೆಕ್ಟರು ತಾನೂ ಅದೇ ಲೆಕ್ಕವನ್ನು ಮಾಡಿ ನೋಡಿ, ಫಲಗಳೆರಡೂ ಒಂದಾದರೆ ಆಜ್ಞೆಯನ್ನು ಪಾಲಿಸುತ್ತದೆ. ಮುಂದಿನ ಸಲ ಸಂಖ್ಯೆ ಬೇರೆಯಾಗುವುದರಿಂದ ಇಂದಿನ ಉತ್ತರವನ್ನು ಕದ್ದವನಿಗೆ ನಾಳೆ ಅದು ಕೆಲಸಕ್ಕೆ ಬಾರದು.

ಈ ಪದ್ಧತಿಗೂ ಮಿತಿಗಳುಂಟು. ಪಾಸ್‌ವರ್ಡು ತೀರ ಸುಲಭವಾಗಿದ್ದರೆ, ಸಂಖ್ಯೆಯನ್ನೂ ಉತ್ತರವನ್ನೂ ಹಿಡಿದಿಟ್ಟುಕೊಂಡವನು ಬಿಡುವಾಗಿ ಕುಳಿತು ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಅದನ್ನು ಕಂಡುಹಿಡಿಯಬಹುದು. ಎಂ.ಡಿ.-೫ರ ದೌರ್ಬಲ್ಯವು ೨೦೦೪ರಲ್ಲಿಯೇ ಪ್ರಕಟವಾಗಿತ್ತು. ಮೇಲಾಗಿ ಈ ಪ್ರಮಾಣದಲ್ಲಿ ಪಾಸ್‌ವರ್ಡಿನ ಪರೀಕ್ಷೆ ಐಚ್ಛಿಕ. ಅದನ್ನು ಚಾಲನೆಗೆ ತರದಿದ್ದರೆ ಪ್ರೊಜೆಕ್ಟರು ಬಂದವರ ಮಾತನ್ನೆಲ್ಲ ಕೇಳುತ್ತದೆ.

೪. ಪೆಟ್ಟಿಗೆಯೊಳಗಿನ ಉಂಗುರಗಳು

ಗಣಕಗಳಲ್ಲಿ ಪಾಸ್‌ವರ್ಡಿನ ಬಳಕೆ ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ ಫರ್ನಾಂಡೋ ಕಾರ್ಬಾಟೋ ಅವರ ನೇತೃತ್ವದಲ್ಲಿ ೧೯೬೧ರಲ್ಲಿ ಮೊದಲು ಪ್ರದರ್ಶಿತವಾದ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯಿಂದ ರೂಢಿಗೆ ಬಂದಿತು. ಮರುವರ್ಷವೇ ಅಲ್ಲಿನ ಸಂಶೋಧಕರೊಬ್ಬರು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನು ಮುದ್ರಿಸಿಕೊಂಡು, ತಮಗೆ ನಿಗದಿಯಾಗಿದ್ದುದಕ್ಕಿಂತ ಹೆಚ್ಚು ಸಮಯ ಯಂತ್ರವನ್ನು ಬಳಸಿದರು. ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡಬಾರದೆಂಬ ಪಾಠ ಕ್ರಮೇಣ ನೆಲೆಗೊಂಡಿತು. ೧೯೭೯ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ ಅವರು ಪ್ರಕಟಿಸಿದ ಪ್ರಸಿದ್ಧ ಪ್ರಬಂಧವು, ಪಾಸ್‌ವರ್ಡಿಗೆ ಬದಲಾಗಿ ಅದನ್ನು ಅರೆದ ಫಲವನ್ನಷ್ಟೆ ಇರಿಸಿಕೊಳ್ಳುವ ಕ್ರಮವನ್ನು ವಿವರಿಸಿತು. ಅರೆದ ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಆದರೆ ಅದೇ ಕಾಳನ್ನು ತಂದವನನ್ನು ಮತ್ತೆ ಅರೆದು ನೋಡಿ ಗುರುತಿಸಬಹುದು.

ನಿಯಂತ್ರಣ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ಪಾಸ್‌ವರ್ಡನ್ನು ಪರೀಕ್ಷಿಸುವ ಯಂತ್ರವು ಹಿಟ್ಟನ್ನು ಇಟ್ಟುಕೊಂಡರೆ ಸಾಕಾಗಬಹುದು. ಪಾಸ್‌ವರ್ಡನ್ನು ಒಪ್ಪಿಸಬೇಕಾದ ಯಂತ್ರಕ್ಕೆ ಅಷ್ಟು ಸಾಲದು. ಅದಕ್ಕೆ ಕಾಳೇ ಬೇಕು. ನಿಯಂತ್ರಕವು ದಿನವೂ ಹತ್ತಾರು ಉಪಕರಣಗಳ ಬಾಗಿಲಲ್ಲಿ ನಿಂತು ತನ್ನ ಗುರುತನ್ನು ಹೇಳಬೇಕಾದುದರಿಂದ, ಆ ಎಲ್ಲ ಪಾಸ್‌ವರ್ಡುಗಳನ್ನೂ ಮರಳಿ ತೆಗೆಯಬಹುದಾದ ರೂಪದಲ್ಲಿಯೇ ಅದು ಕಾಪಾಡಿಕೊಳ್ಳಬೇಕು. ಅವುಗಳಿಗೆ ಗೂಢಲಿಪಿಯ ಹೊದಿಕೆಯನ್ನು ಹೊದಿಸಬಹುದು. ಆದರೆ ಆ ಹೊದಿಕೆಯನ್ನು ತೆಗೆಯುವ ಕೀಲಿಯೂ ನಿಯಂತ್ರಕದ ಕೈಗೆಟುಕುವಂತಿರಲೇಬೇಕು. ನಿಯಂತ್ರಕವೆಂದರೆ ಉಂಗುರಗಳನ್ನೆಲ್ಲ ತುಂಬಿಟ್ಟ ಪೆಟ್ಟಿಗೆ. ಒಂದು ಕ್ಯಾಮರಾದ ಪಾಸ್‌ವರ್ಡು ಸೋರಿದರೆ ಒಂದು ಕ್ಯಾಮರಾ ಕೈಬಿಟ್ಟೀತು. ನಿಯಂತ್ರಕದ ಪಾಸ್‌ವರ್ಡು ಸೋರಿದರೆ ಹಾಲೇ ಕೈಬಿಟ್ಟಂತೆ.

ಕನ್ನಡ ಗದ್ಯದ ಚರಿತ್ರೆಯನ್ನು ಬಲ್ಲವರಿಗೆ ಈ ಪೆಟ್ಟಿಗೆಯ ಹೆಸರನ್ನು ಹುಡುಕಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ಕೆಂಪುನಾರಾಯಣನು ೧೮೨೩ರಲ್ಲಿ ರಚಿಸಿದ 'ಮುದ್ರಾಮಂಜೂಷ'ವು ವಿಶಾಖದತ್ತನ 'ಮುದ್ರಾರಾಕ್ಷಸ'ದ ಕಥೆಯನ್ನೊಳಗೊಂಡ ಗದ್ಯಗ್ರಂಥ. ಕಥೆಯ ಕೀಲಿರುವುದು ನಂದರ ಅಮಾತ್ಯನಾದ ರಾಕ್ಷಸನ ಮುದ್ರೆಯುಂಗುರದಲ್ಲಿ. ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟು ಹೋಗುವಾಗ ಆ ಉಂಗುರವು ಅವನ ಹೆಂಡತಿಯ ಬಳಿ ಉಳಿಯಿತು. ಆಕೆ ಚಂದನದಾಸನೆಂಬ ರತ್ನವ್ಯಾಪಾರಿಯ ಮನೆಯಲ್ಲಿ ಅಡಗಿದ್ದಳು. ಉಂಗುರವು ಅವಳ ಬೆರಳಿಂದ ಜಾರಿ ಗೂಢಚಾರನ ಕೈಸೇರಿತು, ಅವನಿಂದ ಚಾಣಕ್ಯನಿಗೆ ತಲುಪಿತು. ಚಾಣಕ್ಯನು ಕಪಟಪತ್ರವೊಂದನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನು ಒತ್ತಿದನು. ರಾಕ್ಷಸನ ಪಕ್ಷವೇ ಒಡೆಯಿತು.

ವಿಶಾಖದತ್ತನ ನಾಟಕದಲ್ಲಿ ಇನ್ನೊಂದು ಅಂಶವಿದೆ. ಆ ಉಂಗುರವನ್ನು ಚಾಣಕ್ಯನ ಕಡೆಯವನೇ ರಾಕ್ಷಸನಿಗೆ ತಂದೊಪ್ಪಿಸುತ್ತಾನೆ. ರಾಕ್ಷಸನಾದರೋ ಅದು ನಡುವೆ ಯಾರ ಕೈಯಲ್ಲಿ ಏನು ಮಾಡಿತೆಂದು ವಿಚಾರಿಸದೆ, ಅದೇ ಮುದ್ರೆಯಿಂದ ರಾಜಕಾರ್ಯವನ್ನು ಮುಂದುವರಿಸುವಂತೆ ತನ್ನ ಗೆಳೆಯನಾದ ಶಕಟದಾಸನಿಗೆ ಹೇಳುತ್ತಾನೆ. ಪರರ ಕೈಗೆ ಹೋಗಿಬಂದ ಮುದ್ರೆಯನ್ನು ಬದಲಿಸಬೇಕಾಗಿತ್ತು. ಬದಲಿಸದಿದ್ದುದೇ ಅವನ ಪತನಕ್ಕೆ ದಾರಿಮಾಡಿತು.

೫. ಕಾರ್ಖಾನೆಯ ಹೆಸರು, ಕಾರ್ಖಾನೆಯ ಪಾಸ್‌ವರ್ಡು

ಇದು ಕೇವಲ ಕಾವ್ಯದ ನೀತಿಯಲ್ಲ. ಉಪಕರಣಗಳು ಕಾರ್ಖಾನೆಯಿಂದ ಹೊರಡುವಾಗ ಅವುಗಳಿಗೆಲ್ಲ ಒಂದೇ ಹೆಸರನ್ನೂ ಒಂದೇ ಪಾಸ್‌ವರ್ಡನ್ನೂ ಇಟ್ಟು ಕಳುಹಿಸುವುದು ಬಹುಕಾಲದ ವಾಡಿಕೆಯಾಗಿದ್ದಿತು. ಕೈಪಿಡಿಯ ಮೊದಲ ಪುಟದಲ್ಲಿಯೇ ಅದು ಅಚ್ಚಾಗಿರುತ್ತಿತ್ತು. ಕೊಂಡವರಲ್ಲಿ ಹಲವರು ಅದನ್ನು ಬದಲಿಸುತ್ತಿರಲಿಲ್ಲ. ೨೦೧೬ರಲ್ಲಿ ಕಾಣಿಸಿಕೊಂಡ 'ಮಿರೈ' ಎಂಬ ದುಷ್ಟ ಕಾರ್ಯಕ್ರಮವು ಈ ಅಸಡ್ಡೆಯನ್ನೇ ಬಂಡವಾಳ ಮಾಡಿಕೊಂಡಿತು. ಅದರ ಬತ್ತಳಿಕೆಯಲ್ಲಿದ್ದುದು ಅರವತ್ತಕ್ಕೆ ಸ್ವಲ್ಪ ಮಿಕ್ಕ ಹೆಸರು-ಪಾಸ್‌ವರ್ಡುಗಳ ಜೋಡಿಗಳು ಮಾತ್ರ. ಅದು ಅಂತರಜಾಲದಲ್ಲಿ ಕಂಡ ಕ್ಯಾಮರಾ ಮತ್ತು ವೀಡಿಯೋ ಮುದ್ರಣಯಂತ್ರಗಳ ಬಾಗಿಲಲ್ಲಿ ಆ ಜೋಡಿಗಳನ್ನು ಹೇಳಿ ನೋಡುತ್ತಾ, ಬಾಗಿಲು ತೆರೆದ ಯಂತ್ರಗಳನ್ನೆಲ್ಲ ತನ್ನ ದಂಡಿಗೆ ಸೇರಿಸಿಕೊಂಡಿತು. ೨೦೧೬ರ ಅಕ್ಟೋಬರ್ ೨೧ರಂದು ಡಿನ್ ಎಂಬ ಅಮೆರಿಕದ ಕಂಪೆನಿಯ ಮೇಲೆ ಇಂಥ ಯಂತ್ರಗಳು ಏಕಕಾಲದಲ್ಲಿ ಮುತ್ತಿಗೆ ಹಾಕಿದುದರಿಂದ ಹಲವು ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ಸ್ತಬ್ಧವಾದುವು. ಸೋಂಕು ತಗುಲಿದ ಉಪಕರಣವನ್ನು ಆರಿಸಿ ಹೊತ್ತಿಸಿದರೆ ಮಿರೈ ಅಳಿದುಹೋಗುತ್ತಿತ್ತು. ಆದರೆ ಪಾಸ್‌ವರ್ಡನ್ನು ಬದಲಿಸದಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ತಗುಲಿಕೊಳ್ಳುತ್ತಿತ್ತು.

ಇದರ ತರುವಾಯ ಸರಕಾರಗಳು ಎಚ್ಚೆತ್ತುವು. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ೨೦೨೦ರ ಜನವರಿ ೧ರಿಂದ ಜಾರಿಗೆ ಬಂದ ಕಾನೂನು, ಹೊರಗಿನ ಜಾಲದಿಂದ ಪ್ರವೇಶಿಸಬಹುದಾದ ಉಪಕರಣಗಳ ವಿಷಯದಲ್ಲಿ ಎರಡು ಮಾರ್ಗಗಳನ್ನು ತೋರಿಸಿತು: ಪ್ರತಿ ಉಪಕರಣಕ್ಕೂ ಬೇರೆ ಪಾಸ್‌ವರ್ಡು ಇರಬೇಕು, ಇಲ್ಲವೆ ಮೊದಲ ಬಳಕೆಗೆ ಮುನ್ನವೇ ಹೊಸದನ್ನು ಇಡುವಂತೆ ಯಂತ್ರವೇ ಒತ್ತಾಯಿಸಬೇಕು. ಬ್ರಿಟನ್ನಿನಲ್ಲಿ ಇದೇ ಆಶಯದ ಕಾನೂನು ೨೦೨೪ರ ಏಪ್ರಿಲ್ ೨೯ರಿಂದ ಜಾರಿಯಲ್ಲಿದೆ. ಭಾರತ ಸರಕಾರವೂ ೨೦೨೪ರ ಏಪ್ರಿಲ್‌ನಲ್ಲಿ ಕಾವಲು ಕ್ಯಾಮರಾಗಳಿಗೆ ಭದ್ರತೆಯ ಪರೀಕ್ಷೆಯನ್ನು ವಿಧಿಸುವ ಆಜ್ಞೆಯನ್ನು ಹೊರಡಿಸಿತು. ಇವು ಹೊಸ ಉಪಕರಣಗಳ ಮಾತು. ಹಾಲಿನ ಬೀರುವಿನಲ್ಲಿ ಹತ್ತು ವರ್ಷಗಳಿಂದ ಕುಳಿತಿರುವ ಹಳೆಯ ಉಪಕರಣದ ಪಾಸ್‌ವರ್ಡನ್ನು ಕಾನೂನು ಬಂದು ಬದಲಿಸುವುದಿಲ್ಲ.

೬. ಏರ್ಪಡಿಸುವ ಕ್ರಮ

ಇನ್ನು ಅಭಿಜ್ಞಾನಗಳನ್ನು ಏರ್ಪಡಿಸುವ ಕ್ರಮವನ್ನು ಹಂತಹಂತವಾಗಿ ನೋಡಬಹುದು.

ಮೊದಲನೆಯದು ಪಟ್ಟಿ. ಜಾಲಕ್ಕೆ ಸೇರಿದ ಪ್ರತಿಯೊಂದು ಉಪಕರಣದ ಹೆಸರು, ಇರುವ ಸ್ಥಳ, ತಯಾರಕರ ಕ್ರಮಸಂಖ್ಯೆ ಮತ್ತು ಜಾಲದಲ್ಲಿ ಅದರ ವಿಳಾಸ ಇವುಗಳನ್ನು ಬರೆದುಕೊಳ್ಳಬೇಕು. ಪಟ್ಟಿಯಲ್ಲಿಲ್ಲದ ಉಪಕರಣಕ್ಕೆ ಯಾರೂ ಪಾಸ್‌ವರ್ಡು ಬದಲಿಸುವುದಿಲ್ಲ.

ಎರಡನೆಯದು ಪ್ರತ್ಯೇಕತೆ. ಈ ಉಪಕರಣಗಳ ಜಾಲವು ಅತಿಥಿಗಳಿಗೆ ಕೊಡುವ ವೈಫೈ ಜಾಲದಿಂದಲೂ ಕಚೇರಿಯ ಜಾಲದಿಂದಲೂ ಬೇರೆಯಾಗಿರಬೇಕು. ಪಾಸ್‌ವರ್ಡುಗಳನ್ನು ಬದಲಿಸಿ ಮುಗಿಯುವವರೆಗೆ ಅಂತರಜಾಲದ ಸಂಪರ್ಕವನ್ನು ಕೊಡಲಾಗದು.

ಮೂರನೆಯದು, ಉಪಕರಣದಲ್ಲಿಯೇ ಅದರ ಮೇಲಧಿಕಾರಿಯ ಪಾಸ್‌ವರ್ಡನ್ನು ಬದಲಿಸುವುದು. ಪ್ರತಿ ಉಪಕರಣಕ್ಕೂ ಬೇರೆ ಬೇರೆ ಪಾಸ್‌ವರ್ಡು ಇರಬೇಕು. ಒಂದೇ ಕೀಲಿಯಿಂದ ಎಲ್ಲ ಬೀಗಗಳೂ ತೆರೆಯುವುದಾದರೆ ಬೀಗಗಳು ಹತ್ತಿದ್ದರೂ ಒಂದಿದ್ದಂತೆ.

ನಾಲ್ಕನೆಯದು, ಮನುಷ್ಯನಿಗೂ ನಿಯಂತ್ರಕಕ್ಕೂ ಬೇರೆ ಬೇರೆ ಹೆಸರನ್ನು ಇಡುವುದು. ಉಪಕರಣವು ಇದಕ್ಕೆ ಅವಕಾಶ ಕೊಟ್ಟರೆ, ನಿಯಂತ್ರಕದ ಹೆಸರಿಗೆ ಆರಿಸುವ, ಹೊತ್ತಿಸುವ, ಧ್ವನಿಯನ್ನು ಏರಿಳಿಸುವಷ್ಟೇ ಅಧಿಕಾರವಿರಲಿ. ಉಪಕರಣದ ರಚನೆಯನ್ನೇ ಮಾರ್ಪಡಿಸುವ ಅಧಿಕಾರ ಬೇಡ. ಗುಮಾಸ್ತೆಯ ಸಹಿಗೂ ಮ್ಯಾನೇಜರ ಸಹಿಗೂ ಇರುವ ಅಂತರ ಇಲ್ಲಿಯೂ ಸಲ್ಲುತ್ತದೆ. ಟಚ್‌ಸ್ಕ್ರೀನನ್ನು ಮುಟ್ಟುವ ಸ್ವಯಂಸೇವಕರಿಗೆ ಇವೆರಡೂ ಬೇಕಾಗಿಲ್ಲ. ಅವರಿಗೆ ಪ್ರತ್ಯೇಕವಾದ ಚಿಕ್ಕ ಅಂಕಿಯೊಂದು ಸಾಕು.

ಐದನೆಯದು, ಹೀಗೆ ನಿಶ್ಚಯಿಸಿದ ಹೆಸರು-ಪಾಸ್‌ವರ್ಡುಗಳನ್ನು ನಿಯಂತ್ರಕದಲ್ಲಿ ನಮೂದಿಸುವುದು. ಅದಕ್ಕೆಂದೇ ಮೀಸಲಾದ ಸ್ಥಳದಲ್ಲಿ ಬರೆಯಬೇಕು. ಕಾರ್ಯಕ್ರಮದ ಪಠ್ಯದೊಳಗೆ ಬರೆಯಬಾರದು. ಪಠ್ಯದಲ್ಲಿ ಬರೆದರೆ, ಆ ಕಡತದ ಪ್ರತಿಯನ್ನು ಯಾವ ಕಾರಣಕ್ಕೆ ಯಾರಿಗೆ ಕೊಟ್ಟರೂ ಉಂಗುರಗಳನ್ನೆಲ್ಲ ಒಟ್ಟಿಗೆ ಕೊಟ್ಟಂತಾಗುತ್ತದೆ.

ಇಲ್ಲಿ ಕೆಲಸದ ಅನುಕ್ರಮಕ್ಕೆ ಮಹತ್ತ್ವವಿದೆ. ಉಪಕರಣದಲ್ಲಿ ಪಾಸ್‌ವರ್ಡನ್ನು ಬದಲಿಸಿ ನಿಯಂತ್ರಕದಲ್ಲಿ ಬದಲಿಸಲು ಮರೆತರೆ, ನಿಯಂತ್ರಕವು ಹಳೆಯದನ್ನೇ ಕೆಲವು ಕ್ಷಣಗಳಿಗೊಮ್ಮೆ ಹೇಳುತ್ತಲೇ ಇರುತ್ತದೆ. ತಪ್ಪು ಪ್ರಯತ್ನಗಳು ಮಿತಿಮೀರಿದಾಗ ಹಲವು ಉಪಕರಣಗಳು ಬಾಗಿಲನ್ನೇ ಮುಚ್ಚಿಕೊಳ್ಳುತ್ತವೆ. ಆಗ ಸರಿಯಾದ ಪಾಸ್‌ವರ್ಡನ್ನು ಹೇಳಿದವನಿಗೂ ಸ್ವಲ್ಪ ಹೊತ್ತು ಪ್ರವೇಶವಿಲ್ಲ. ಆದುದರಿಂದ ನಿಯಂತ್ರಕದ ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಎರಡು ಕಡೆಯೂ ಬದಲಿಸಿದ ಮೇಲೆಯೇ ಮರಳಿ ಜೋಡಿಸಬೇಕು.

ಆರನೆಯದು ಪರೀಕ್ಷೆ. ಸರಿಯಾದ ಪಾಸ್‌ವರ್ಡಿಗೆ ಉಪಕರಣವು ಓಗೊಟ್ಟರೆ ಪರೀಕ್ಷೆಯ ಅರ್ಧಭಾಗ ಮಾತ್ರ ಮುಗಿಯಿತು. ತಪ್ಪು ಪಾಸ್‌ವರ್ಡನ್ನು ಬೇಕೆಂದೇ ಕೊಟ್ಟು, ಉಪಕರಣವು ಅದನ್ನು ನಿರಾಕರಿಸುವುದೆಂಬುದನ್ನೂ ಕಣ್ಣಾರೆ ಕಾಣಬೇಕು. ಐಚ್ಛಿಕವಾದ ಪರೀಕ್ಷೆಯನ್ನು ಚಾಲನೆಗೆ ತರಲು ಮರೆತ ಪ್ರೊಜೆಕ್ಟರು ಈ ಎರಡನೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಬಳಿಕ ಎಲ್ಲವನ್ನೂ ಒಮ್ಮೆ ಆರಿಸಿ ಹೊತ್ತಿಸಿ, ಬದಲಾವಣೆಗಳು ಉಳಿದಿವೆಯೆ ಎಂದು ನೋಡಬೇಕು.

ಏಳನೆಯದು ಬೀರುವಿನ ಬೀಗ. ಬಹುತೇಕ ಉಪಕರಣಗಳಲ್ಲಿ ಅವುಗಳನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಸಣ್ಣ ಗುಂಡಿಯೊಂದಿರುತ್ತದೆ. ಅದನ್ನು ಒತ್ತಬಲ್ಲವನ ಮುಂದೆ ಪಾಸ್‌ವರ್ಡು ನಿಲ್ಲದು. ಹಳೆಯ ಕಬ್ಬಿಣದ ಬೀಗದ ಅಗತ್ಯ ಇನ್ನೂ ತೀರಿಲ್ಲ.

೭. ಕನ್ನಡದಲ್ಲಿ ಪಾಸ್‌ವರ್ಡು

ಪಾಸ್‌ವರ್ಡಿನ ಬಲವು ಅದರ ವಿಚಿತ್ರತೆಯಲ್ಲಿಲ್ಲ, ಉದ್ದದಲ್ಲಿದೆ. ನಾಲ್ಕು ಅಂಕಿಗಳ ಗುಪ್ತಸಂಖ್ಯೆಗೆ ಇರುವ ಸಾಧ್ಯತೆಗಳು ೧೦,೦೦೦ ಮಾತ್ರ. ೨,೦೦೦ ಪದಗಳ ಪಟ್ಟಿಯೊಂದರಿಂದ ಚೀಟಿಯೆತ್ತಿ ಆರಿಸಿದ ಐದು ಪದಗಳನ್ನು ಜೋಡಿಸಿದರೆ ಸಾಧ್ಯತೆಗಳು ೩೨೦ ಕೋಟಿ ಕೋಟಿ ಆಗುತ್ತವೆ; ಆದರೂ ಅದನ್ನು ಓದಿ ಹೇಳುವುದು, ನೋಡಿ ಬರೆಯುವುದು ಸುಲಭ. ಅಮೆರಿಕದ ಪ್ರಮಾಣಸಂಸ್ಥೆಯು ೨೦೧೭ರಲ್ಲಿ ಹೊರಡಿಸಿದ ಸೂಚನೆಗಳು ಉದ್ದವನ್ನೇ ಎತ್ತಿಹಿಡಿದು, ಸೋರಿಕೆಯ ಸುಳಿವಿಲ್ಲದಿರುವಾಗ ನಿಯತಕಾಲಕ್ಕೊಮ್ಮೆ ಬದಲಿಸಬೇಕೆಂಬ ಹಳೆಯ ಕಟ್ಟಳೆಯನ್ನು ಕೈಬಿಟ್ಟುವು.

ಆ ಪದಗಳು ಕನ್ನಡದವಾಗಬಾರದೇಕೆಂಬ ಪ್ರಶ್ನೆ ಸಹಜ. ಆಗಬಹುದು, ಆದರೆ ಕನ್ನಡ ಲಿಪಿಯಲ್ಲಿ ಬೇಡ. ಎಷ್ಟೋ ಉಪಕರಣಗಳು ರೋಮನ್ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಸ್ವೀಕರಿಸುತ್ತವೆ. ಪಿಜೆ-ಲಿಂಕಿನಲ್ಲಿ ಪಾಸ್‌ವರ್ಡಿನ ಗರಿಷ್ಠ ಉದ್ದ ಅಂಥ ೩೨ ಅಕ್ಷರಗಳು. ಕನ್ನಡ ಲಿಪಿಗೆ ಅವಕಾಶವಿರುವಲ್ಲಿಯೂ ಒಂದು ತೊಡಕುಂಟು: ಒತ್ತಕ್ಷರವನ್ನು ತಡೆಯಲು ಬಳಸುವ ಅದೃಶ್ಯ ಚಿಹ್ನೆಯೊಂದನ್ನು ಒಂದು ಕೀಲಿಮಣೆ ಸೇರಿಸಬಹುದು, ಇನ್ನೊಂದು ಸೇರಿಸದಿರಬಹುದು. ಕಣ್ಣಿಗೆ ಹೆಚ್ಚಿನ ಭೇದ ತೋರದಿದ್ದರೂ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಆದುದರಿಂದ ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವುದು ಲೇಸು. ಹಾಗೆ ಬರೆಯುವಾಗ 'ತ'ಕಾರಕ್ಕೆ ಒಬ್ಬರು ಒಂದಕ್ಷರವನ್ನೂ ಇನ್ನೊಬ್ಬರು ಎರಡಕ್ಷರಗಳನ್ನೂ ಬಳಸುವುದುಂಟು. ತಮಿಳುನಾಡಿನಲ್ಲಿ ಬೆಳೆದವರ ಬರೆವಣಿಗೆಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಒಪ್ಪಿದ ಅಕ್ಷರವಿನ್ಯಾಸವನ್ನು ದಾಖಲೆಯಲ್ಲಿ ಸ್ಫುಟವಾಗಿ ಬರೆದಿಡಬೇಕು. ಪ್ರಸಿದ್ಧ ವಚನ ಅಥವಾ ಕೀರ್ತನೆಯ ಪಲ್ಲವಿ, ಸಂಘದ ಹೆಸರು, ಸ್ಥಾಪನೆಯ ಇಸವಿ ಇವು ಯಾವುವೂ ಕೂಡದು. ಗೋಡೆಯ ಫಲಕದ ಮೇಲಿರುವುದು ರಹಸ್ಯವಾಗಲಾರದು.

೮. ಉಂಗುರವು ಯಾರ ವಶದಲ್ಲಿ?

ಇದುವರೆಗಿನ ಕೆಲಸವನ್ನು ಗುತ್ತಿಗೆದಾರನೊಬ್ಬನು ಎರಡು ದಿನಗಳಲ್ಲಿ ಮಾಡಿ ಮುಗಿಸಬಲ್ಲನು. ಅವನು ಹೊರಟುಹೋದ ಮೇಲೆ ನಿಜವಾದ ಪ್ರಶ್ನೆ ಏಳುತ್ತದೆ. ಅಭಿಜ್ಞಾನಗಳು ಅವನ ಫೋನಿನಲ್ಲಿ ಮಾತ್ರ ಉಳಿದರೆ ಹಾಲು ಸಂಘದ್ದಾದರೂ ಅಧಿಕಾರ ಅವನದು. ಉತ್ಸಾಹಿಯಾದ ಕಾರ್ಯದರ್ಶಿಯೊಬ್ಬರ ನೆನಪಿನಲ್ಲಿ ಮಾತ್ರ ಉಳಿದರೆ, ಅವರಿಗೆ ಬೇರೆ ಊರಿಗೆ ವರ್ಗವಾದ ದಿನ, ಇಲ್ಲವೆ ಅವರು ಕಾಲವಶರಾದ ದಿನ, ಯಂತ್ರಗಳು ಮೂಕವಾಗುತ್ತವೆ. ಇವೆರಡೂ ಬೇಡವೆಂದು ಗೋಡೆಯ ಮೇಲೆ ಬರೆದು ಅಂಟಿಸಿದರೆ ಪಾಸ್‌ವರ್ಡು ಇದ್ದೂ ಇಲ್ಲದಂತೆ.

ಬ್ಯಾಂಕುಗಳು ಈ ಸಮಸ್ಯೆಯನ್ನು ಗಣಕಗಳಿಗಿಂತ ಬಹು ಮೊದಲೇ ಎದುರಿಸಿದುವು. ಮದರಾಸಿನಲ್ಲಿಯೇ ೧೮೪೩ರಲ್ಲಿ ಬ್ಯಾಂಕ್ ಆಫ್ ಮದರಾಸ್ ಸ್ಥಾಪಿತವಾದ ಸಂಗತಿ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದಿದೆ. ಅದು ೧೯೨೧ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿಯೂ, ಆ ಮೂಲಕ ೧೯೫೫ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿಯೂ ವಿಲೀನಗೊಂಡಿತು. ಭಾರತದ ಬ್ಯಾಂಕುಗಳಲ್ಲಿ ಖಜಾನೆಯ ಕೋಣೆಗೆ ಎರಡು ಕೀಲಿಗಳಿರುತ್ತವೆ. ಅವು ಇಬ್ಬರು ಅಧಿಕಾರಿಗಳ ಜಂಟಿ ವಶದಲ್ಲಿರುತ್ತವೆ. ಒಬ್ಬರಿಂದಲೇ ಬಾಗಿಲು ತೆರೆಯದು. ನಕಲಿ ಕೀಲಿಗಳ ಜೊತೆಯನ್ನು ಮೊಹರು ಮಾಡಿ ಬೇರೊಂದು ಶಾಖೆಯಲ್ಲಿ ಇರಿಸಲಾಗುತ್ತದೆ. ಅಧಿಕಾರಿಯು ಬದಲಾದಾಗ ಕೊಟ್ಟವನೂ ಕೊಂಡವನೂ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ. ಕೀಲಿ ಹುದ್ದೆಯದೇ ಹೊರತು ವ್ಯಕ್ತಿಯದಲ್ಲವೆಂಬುದು ಈ ವ್ಯವಸ್ಥೆಯ ತಿರುಳು.

ಸಭಾಭವನಕ್ಕೆ ಇದನ್ನು ಅಳವಡಿಸುವುದು ಕಷ್ಟವಲ್ಲ. ಅಭಿಜ್ಞಾನಗಳ ಪೂರ್ಣ ದಾಖಲೆಯನ್ನು ಎರಡು ಪ್ರತಿಗಳಲ್ಲಿ ಸಿದ್ಧಪಡಿಸಬೇಕು. ಪ್ರತಿಯೊಂದನ್ನೂ ಲಕೋಟೆಯಲ್ಲಿಟ್ಟು, ಅಂಟಿಸಿದ ಕಡೆ ಅಧ್ಯಕ್ಷರೂ ಕಾರ್ಯದರ್ಶಿಯೂ ಅಡ್ಡಲಾಗಿ ಸಹಿ ಮಾಡಬೇಕು. ಒಂದು ಸಂಘದ ಕಪಾಟಿನಲ್ಲಿರಲಿ, ಮತ್ತೊಂದು ಬ್ಯಾಂಕಿನ ಲಾಕರಿನಂಥ ಬೇರೆ ಸ್ಥಳದಲ್ಲಿರಲಿ. ಬೇರೆ ಸ್ಥಳವೆಂಬುದು ಚೆನ್ನೈಯಲ್ಲಿ ಅತಿ ಎಚ್ಚರಿಕೆಯ ಮಾತಲ್ಲ. ೨೦೧೫ರ ಡಿಸೆಂಬರಿನ ಪ್ರವಾಹದಲ್ಲಿಯೂ ೨೦೨೩ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ನಗರದ ಎಷ್ಟೋ ಕಟ್ಟಡಗಳ ನೆಲಮಹಡಿಗಳಿಗೆ ನೀರು ನುಗ್ಗಿತು. ಉಪಕರಣವೂ ಅದರ ದಾಖಲೆಯೂ ಒಂದೇ ಕೋಣೆಯಲ್ಲಿದ್ದರೆ ನೀರು ಎರಡನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ. ಹಾಳಾದ ಉಪಕರಣದ ಸ್ಥಾನಕ್ಕೆ ಬಂದ ಹೊಸದನ್ನು ನಿಯಂತ್ರಕವು ಗುರುತಿಸಬೇಕಾದರೆ, ಹಳೆಯದರ ವಿಳಾಸವೂ ಅಭಿಜ್ಞಾನವೂ ಎಲ್ಲಾದರೂ ಒಣಗಿದ ಜಾಗದಲ್ಲಿ ಉಳಿದಿರಬೇಕು.

ಲಕೋಟೆಯನ್ನು ಒಡೆದಾಗಲೆಲ್ಲ ದಿನಾಂಕ, ಕಾರಣ, ಒಡೆದವರ ಹೆಸರು ಇವುಗಳನ್ನು ಬರೆದು, ತೆರೆದ ಪಾಸ್‌ವರ್ಡುಗಳನ್ನು ಬದಲಿಸಿ, ಹೊಸ ಲಕೋಟೆಯನ್ನು ಸಿದ್ಧಪಡಿಸಬೇಕು. ಗುತ್ತಿಗೆದಾರನ ಕೆಲಸ ಮುಗಿದಾಗಲೂ ಅಧಿಕಾರವುಳ್ಳ ಪದಾಧಿಕಾರಿ ನಿವೃತ್ತರಾದಾಗಲೂ ಇದೇ ನಿಯಮ. ಹೋದವರ ಮೇಲಿನ ಅವಿಶ್ವಾಸದಿಂದ ಹೀಗೆ ಮಾಡುವುದಲ್ಲ. ಮುಂದೆ ಏನಾದರೂ ಅಚಾತುರ್ಯ ನಡೆದರೆ ಅವರ ಮೇಲೆ ಸಂಶಯದ ನೆರಳು ಬೀಳದಂತೆ ಇದು ಕಾಪಾಡುತ್ತದೆ. ಮುದ್ರೆಯನ್ನು ಬದಲಿಸಿದ್ದರೆ ರಾಕ್ಷಸನು ತನ್ನದಲ್ಲದ ಪತ್ರಕ್ಕೆ ಉತ್ತರ ಹೇಳಬೇಕಾಗುತ್ತಿರಲಿಲ್ಲ.

೯. ಉಪಸಂಹಾರ

ಹೊರನಾಡಿನ ಸಂಘಗಳ ಆಸ್ತಿಯೆಂದರೆ ಕಟ್ಟಡ ಪುಸ್ತಕಗಳಷ್ಟೇ ಅಲ್ಲ. ಉಪನ್ಯಾಸಗಳ ಧ್ವನಿಮುದ್ರಿಕೆ, ನಾಟಕಗಳ ಚಿತ್ರಿಕೆ, ಹಿರಿಯರ ಸಂದರ್ಶನ ಇವೂ ಈಗ ಯಂತ್ರಗಳ ಹೊಟ್ಟೆಯಲ್ಲಿವೆ. ಈ ಮುದ್ರಿಕೆಗಳ ಬಾಗಿಲನ್ನು ಕಾಯುವ ಅಭಿಜ್ಞಾನವು ಕಳೆದರೆ ಅವು ಇದ್ದೂ ದೊರೆಯಲಾರವು. ಪರರ ಪಾಲಾದರೆ ಅಳಿಸಿಹೋಗಬಹುದು. ಸಮಿತಿಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಉದ್ಯೋಗಕ್ಕಾಗಿ ಬಂದ ಸದಸ್ಯರು ಉದ್ಯೋಗಕ್ಕಾಗಿಯೇ ಹೊರಡುತ್ತಾರೆ. ಇಂಥ ಸಂಸ್ಥೆಗಳು ತಲೆಮಾರುಗಳನ್ನು ದಾಟಿ ಉಳಿಯುವುದು ಕೊಟ್ಟು ಕೊಳ್ಳುವ ಶಿಸ್ತಿನಿಂದ. ಲೆಕ್ಕದ ಪುಸ್ತಕವನ್ನೂ ಬೀಗದ ಕೈಯನ್ನೂ ಹೊಸ ಸಮಿತಿಗೆ ಒಪ್ಪಿಸುವ ದಿನ, ಮೊಹರು ಮಾಡಿದ ಆ ಲಕೋಟೆಯನ್ನೂ ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಪಡೆಯುವುದು ಇನ್ನು ಮುಂದೆ ಪ್ರತಿಯೊಂದು ಸಂಘದ ವಾರ್ಷಿಕ ಕಾರ್ಯಕಲಾಪದ ಅಂಗವಾಗತಕ್ಕದ್ದು.